ಬೆಳಗಾವಿಗೆ ವರ್ಗವಾದರೆ ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸೋಣ?

ಏಪ್ರಿಲ್ ತಿಂಗಳು ಬಂತೆಂದರೆ ಬ್ಯಾಂಕು, ರೈಲ್ವೆ, ಆಸ್ಪತ್ರೆ, ಕಾಲೇಜುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹಲವು ಕುಟುಂಬಗಳಿಗೆ ವರ್ಗಾವಣೆಯ ಚಿಂತೆ ಹತ್ತುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬೆಳಗಾವಿಗೆ ಆದೇಶ ಬಂದರೆ ಮನೆ ಹೇಗೋ ಸಿಗುತ್ತದೆ. ಇಗರ್ಜಿಗೂ ಕೊರತೆಯಿಲ್ಲ. ಬೆಳಗಾವಿ 1953ರಿಂದಲೇ ಧರ್ಮಪ್ರಾಂತ್ಯದ ಕೇಂದ್ರ; ಕಾರವಾರ ಧರ್ಮಪ್ರಾಂತ್ಯವು 1976ರಲ್ಲಿ ರೂಪುಗೊಂಡದ್ದೇ ಅದರಿಂದ ಬೇರ್ಪಟ್ಟು. ಕಷ್ಟವಾಗುವುದು ಶಾಲೆಯ ವಿಷಯದಲ್ಲಿ. ಊರಿನಲ್ಲಿ ‘ಕನ್ನಡವೋ ಇಂಗ್ಲಿಷೋ’ ಎಂಬ ಎರಡೇ ಮಾತಿದ್ದರೆ ಅಲ್ಲಿ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ಇವೆ. ನೆರೆಮನೆಯ ಮಕ್ಕಳು ಮರಾಠಿಯಲ್ಲಿ ಆಡುತ್ತಾರೆ, ತರಕಾರಿಯವಳು ಮರಾಠಿಯಲ್ಲಿ ಬೆಲೆ ಹೇಳುತ್ತಾಳೆ, ಕಚೇರಿಯ ಫಲಕ ಕನ್ನಡದಲ್ಲಿರುತ್ತದೆ, ಮನೆಯೊಳಗೆ ಕೊಂಕಣಿ. ಮಗುವಿನ ಕೈಗೆ ಯಾವ ಭಾಷೆಯ ಪುಸ್ತಕ ಕೊಡಬೇಕು?

ಈ ಪರಿಸ್ಥಿತಿ ನಿನ್ನೆ ಮೊನ್ನೆಯದಲ್ಲ. 1956ರ ನವೆಂಬರ್ 1ರ ತನಕ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. 19ನೆಯ ಶತಮಾನದಲ್ಲಿ ಈ ಭಾಗದ ಕನ್ನಡ ಊರುಗಳಲ್ಲೂ ಶಾಲೆಯ ಪಾಠ ಮರಾಠಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದವರೆಂದು ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರನ್ನು ಇಂದಿಗೂ ನೆನೆಯುತ್ತಾರೆ. ಯೇಸುಸಭೆಯವರ ಸಂತ ಪೌಲರ ಶಾಲೆ 1856ರಿಂದ ಇಂಗ್ಲಿಷ್ ವಿದ್ಯೆ ನೀಡುತ್ತಾ ಬಂದಿದೆ. 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಅಧ್ಯಾಪಕರು ಆರಂಭಿಸಿದ್ದು ‘ಆಂಗ್ಲೊ ವರ್ನಾಕ್ಯುಲರ್’ ಶಾಲೆಯನ್ನು, ಅಂದರೆ ಇಂಗ್ಲಿಷು ಹಾಗೂ ದೇಶಭಾಷೆ ಎರಡನ್ನೂ ಕಲಿಸುವ ಶಾಲೆಯನ್ನು. ಗಡಿಯ ವಿವಾದ ಬೇರೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗಾಗಿ ಬೆಳಗಾವಿಯಲ್ಲಿ ಶಾಲೆಯ ಭಾಷೆಯನ್ನು ಆರಿಸುವಾಗ ‘ನೀವು ಯಾವ ಕಡೆಯವರು’ ಎಂಬ ಪ್ರಶ್ನೆ ಅಕ್ಕಪಕ್ಕದಲ್ಲಿ ಸುಳಿದಾಡುವುದುಂಟು. ಹೊಸದಾಗಿ ಬಂದವರು ಅದಕ್ಕೆ ಕಿವಿಗೊಡದಿರುವುದು ಒಳಿತು. ಮಗುವಿಗೆ ಪಾಠ ಅರ್ಥವಾಗುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಕಾನೂನಿನ ದೃಷ್ಟಿಯಲ್ಲಿ ಆಯ್ಕೆ ಹೆತ್ತವರದು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠವಾಗಬೇಕೆಂದು ರಾಜ್ಯ ಸರಕಾರ 1994ರಲ್ಲಿ ಆದೇಶ ಹೊರಡಿಸಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು ತೀರ್ಪಿತ್ತಿತು. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರೂ ಹೆತ್ತವರೇ ಎಂದಿತು. ಆದರೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಮಾಧ್ಯಮ ಯಾವುದೇ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಲೇಬೇಕು. ಎಲ್ಲೆಡೆ ಹೀಗಿಲ್ಲ. ಕೆನಡಾಕ್ಕೆ ಹೋದ ನಮ್ಮವರು ಫ್ರೆಂಚ್ ಭಾಷೆಯ ಕ್ವಿಬೆಕ್ ಪ್ರಾಂತ್ಯದಲ್ಲಿ ನೆಲೆಸಿದರೆ, ಅಲ್ಲಿನ 1977ರ ಭಾಷಾ ಕಾನೂನಿನಂತೆ ಹೊಸಬರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಸರಕಾರಿ ಶಾಲೆಗೇ ಹೋಗಬೇಕು. ಅಲ್ಲಿ ಕಾನೂನು ತೀರ್ಮಾನಿಸುತ್ತದೆ, ಇಲ್ಲಿ ಅಪ್ಪ-ಅಮ್ಮ. ತಪ್ಪಾದರೆ ಹೊಣೆಯೂ ಅವರದೇ.

ಹೆಚ್ಚಿನ ಹೆತ್ತವರು ಎಡವುವುದು ಒಂದೇ ಕಡೆ. ಕೊಂಕಣಿ ಮಾತಾಡುವ ಮಗುವಿಗೆ ಮರಾಠಿ ಬೇಗ ಹತ್ತುತ್ತದೆ. ‘ಘರ್’ ಎರಡರಲ್ಲೂ ಘರ್, ‘ಏಕ್, ದೋನ್, ತೀನ್’ ಎರಡರಲ್ಲೂ ಒಂದೇ. ‘ಉದಾಕ್’ ಎನ್ನುವಲ್ಲಿ ‘ಪಾಣಿ’ ಎಂದರಾಯಿತು. ಆರು ತಿಂಗಳಲ್ಲಿ ಮಗು ಬೀದಿಯಲ್ಲಿ ಪಟಪಟನೆ ಮರಾಠಿ ಆಡುವುದನ್ನು ಕಂಡು ಅಪ್ಪನಿಗೆ ಹಿಗ್ಗು. ‘ಮರಾಠಿ ಶಾಲೆ ಮನೆ ಪಕ್ಕದಲ್ಲೇ ಇದೆ, ಅಲ್ಲಿಗೇ ಹಾಕೋಣ’ ಎನ್ನುತ್ತಾನೆ. ಆದರೆ ಆಟದ ಭಾಷೆ ಬೇರೆ, ಪಠ್ಯದ ಭಾಷೆ ಬೇರೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಅವರು ವಲಸೆ ಬಂದ ಕುಟುಂಬಗಳ ಮಕ್ಕಳ ಕಲಿಕೆಯನ್ನು ಪರಿಶೀಲಿಸಿ ಹೇಳಿದ್ದು ಇದನ್ನೇ: ದಿನಬಳಕೆಯ ಮಾತು ಸುಮಾರು ಎರಡು ವರ್ಷಗಳಲ್ಲಿ ಬರುತ್ತದೆ, ವಿಜ್ಞಾನ, ಸಮಾಜ, ಲೆಕ್ಕದ ಪ್ರಶ್ನೆಗಳನ್ನು ಓದಿ ಉತ್ತರ ಬರೆಯುವ ಭಾಷೆ ಕೈವಶವಾಗಲು ಐದರಿಂದ ಏಳು ವರ್ಷ ಬೇಕು. ‘ಭಿನ್ನರಾಶಿ’ ಎಂದರೇನೆಂದು ಕನ್ನಡದಲ್ಲಿ ಬಲ್ಲ ಹುಡುಗನಿಗೆ ಅದೇ ಲೆಕ್ಕ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬಂದಾಗ ಲೆಕ್ಕ ಮರೆತಿರುವುದಿಲ್ಲ, ಪ್ರಶ್ನೆ ತಿಳಿದಿರುವುದಿಲ್ಲ. ಮನೆಯಲ್ಲಿ ಮಾತ್ರ ‘ದಡ್ಡ’ ಎಂಬ ಹೆಸರು ಅಂಟಿಬಿಡುತ್ತದೆ.

ಆದ್ದರಿಂದ ಮಗು ಎಷ್ಟನೆಯ ತರಗತಿಯಲ್ಲಿದೆ, ನೀವು ಅಲ್ಲಿ ಎಷ್ಟು ವರ್ಷ ಇರುತ್ತೀರಿ, ಇವೆರಡನ್ನೂ ಒಟ್ಟಿಗೆ ನೋಡಬೇಕು. ಒಂದು, ಎರಡನೆಯ ತರಗತಿಯ ಮಗುವಿಗೆ ಯಾವ ಮಾಧ್ಯಮವೂ ಅಸಾಧ್ಯವಲ್ಲ. ಐದನೆಯ ತರಗತಿ ದಾಟಿದ ಮೇಲೆ ಮಾಧ್ಯಮ ಬದಲಿಸಲು ಬಲವಾದ ಕಾರಣ ಬೇಕು. ಎಂಟನೆಯದಕ್ಕೆ ಬಂದವರನ್ನು ದಯವಿಟ್ಟು ಕದಲಿಸಬೇಡಿ, ಎಸ್.ಎಸ್.ಎಲ್.ಸಿ.ಗೆ ಉಳಿದಿರುವುದು ಮೂರೇ ವರ್ಷ. ಅಂಥ ಮಕ್ಕಳಿದ್ದರೆ ತಾಯಿ ಮಕ್ಕಳು ಊರಿನಲ್ಲೇ ಉಳಿಯುವುದೋ, ಅಜ್ಜಿಯ ಮನೆಯಲ್ಲಿ ಬಿಡುವುದೋ ಎಂಬ ಯೋಚನೆ ಬರುತ್ತದೆ. ಬೆಳಗಾವಿ ನಗರದಲ್ಲಿ ಇದರ ಅಗತ್ಯವಿಲ್ಲ. ಕನ್ನಡ ಮಾಧ್ಯಮದ ಪ್ರೌಢಶಾಲೆಗಳೂ ಇಂಗ್ಲಿಷ್ ಮಾಧ್ಯಮದವೂ ಸಾಕಷ್ಟಿವೆ, ರಾಜ್ಯದ ಪಠ್ಯಕ್ರಮವೂ ಒಂದೇ. ಪುಸ್ತಕ ಅದೇ, ಮೇಷ್ಟರು ಬೇರೆ, ಅಷ್ಟೇ.

ಕನ್ನಡ ಮಾಧ್ಯಮದಲ್ಲಿ ಓದುತ್ತಿರುವವರು ಇನ್ನೊಂದನ್ನು ಗಮನಿಸಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಸಿ.ಇ.ಟಿ. ಮೂಲಕ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಶೇ. 5ರ ಮೀಸಲಾತಿಯಿದೆ. ‘ಹೇಗಿದ್ದರೂ ಊರು ಬದಲಾಯಿತು, ಇಂಗ್ಲಿಷಿಗೆ ಹಾಕಿಬಿಡೋಣ’ ಎಂದು ಆರನೆಯದರಲ್ಲಿ ಮಾಧ್ಯಮ ಬದಲಿಸಿದರೆ ಐದು ವರ್ಷದ ಕನ್ನಡ ಓದು ಈ ಲೆಕ್ಕಕ್ಕೆ ಬರುವುದಿಲ್ಲ. ಊರು ಬದಲಾದದ್ದು ಮಾಧ್ಯಮ ಬದಲಿಸಲು ಕಾರಣವೇ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಅಂದಹಾಗೆ, ನಮ್ಮ ಮಕ್ಕಳ ಪುಸ್ತಕದಂಥ ಕನ್ನಡ ಕೇಳಿ ಅಲ್ಲಿನ ಮಕ್ಕಳು ಮೊದಮೊದಲು ನಗುತ್ತಾರೆ. ಅವರ ‘ಏನ್ ಮಾಡಾಕತ್ತೀ?’ ನಮ್ಮವರಿಗೆ ಅರ್ಥವಾಗಲು ಒಂದು ವಾರ ಬೇಕು. ಕ್ರಿಸ್ಮಸ್ ರಜೆಗೆ ಊರಿಗೆ ಬಂದಾಗ ಅದೇ ಧಾಟಿಯಲ್ಲಿ ಮಾತಾಡಿ ಅಜ್ಜನನ್ನು ನಗಿಸುತ್ತಾರೆ. ಅದಕ್ಕೆ ಚಿಂತೆ ಬೇಡ.

ಖಾನಾಪುರದ ಮಾತು ಬೇರೆ. ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರವಷ್ಟೇ, ಆದರೆ ಆಯ್ಕೆ ಕಿರಿದಾಗುತ್ತದೆ. ತಾಲೂಕಿನ ಪೂರ್ವಕ್ಕೆ ಇಟಗಿ, ಪಾರಿಶ್ವಾಡದ ಕಡೆ ಕನ್ನಡ. ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯತ್ತ, ಕಾಡಿನ ಹಳ್ಳಿಗಳಲ್ಲಿ ಮರಾಠಿ, ಕೊಂಕಣಿ. ನಡೆದು ಹೋಗಬಹುದಾದ ಸರಕಾರಿ ಶಾಲೆ ಹೆಚ್ಚಾಗಿ ಮರಾಠಿಯದೇ. ಲೋಂಡಾ ಜಂಕ್ಷನ್ನಿನ ರೈಲ್ವೆ ಕೆಲಸಕ್ಕೆ ಬಂದವರು ಆರು ವರ್ಷದ ಮಗುವನ್ನು ಮಳೆಗಾಲದಲ್ಲಿ ದಿನವೂ ದೂರದ ಪೇಟೆಗೆ ಕಳುಹಿಸಬೇಕೇ, ಹತ್ತಿರದ ಮರಾಠಿ ಶಾಲೆಗೆ ಸೇರಿಸಬೇಕೇ? ಪುಟ್ಟ ಮಗುವಾಗಿದ್ದು ಬಹುಕಾಲ ಅಲ್ಲೇ ಇರುವವರಾದರೆ ಮರಾಠಿ ಶಾಲೆಗೆ ಹೆದರಬೇಕಾಗಿಲ್ಲ. ಅದೂ ಕರ್ನಾಟಕದ್ದೇ ಪಠ್ಯ, ಮರಾಠಿಯಲ್ಲಿ ಮುದ್ರಿಸಿದ್ದು, ಎಸ್.ಎಸ್.ಎಲ್.ಸಿ.ಯನ್ನೂ ಮರಾಠಿಯಲ್ಲಿ ಬರೆಯಬಹುದು. ದೇವನಾಗರಿ ಲಿಪಿ ಬಂದರೆ ಹಿಂದಿ ಸುಲಭ. ಆದರೆ ಮೂರು ವರ್ಷದಲ್ಲಿ ಕುಂದಾಪುರಕ್ಕೋ ಪುತ್ತೂರಿಗೋ ಮರಳುವವರು ಆ ದಾರಿ ಹಿಡಿಯಬಾರದು. ಇಲ್ಲಿ ಬಂದರೆ ಮರಾಠಿ ಶಾಲೆ ಎಲ್ಲಿದೆ?

ಇನ್ನು ಕೊಂಕಣಿ. ಮಂಗಳೂರಿನ ನಮ್ಮ ಪ್ರಾರ್ಥನಾ ಪುಸ್ತಕ ಕನ್ನಡ ಲಿಪಿಯದು. ಗೋವಾದ ಇಗರ್ಜಿಗಳಲ್ಲಿ ಬಳಕೆಯಲ್ಲಿರುವುದು ರೋಮನ್ ಲಿಪಿ, ಅಲ್ಲಿನ ಸರಕಾರದ್ದು ದೇವನಾಗರಿ. ಕನ್ನಡ ಲಿಪಿ ಕಲಿಯದೆ ಬೆಳೆದ ಮಗು ಪ್ರಥಮ ಪರಮಪ್ರಸಾದದ ಹೊತ್ತಿಗೆ ಅಜ್ಜಿಯ ಪುಸ್ತಕವನ್ನು ಓದಲಾರದು. ಮನೆಯ ತೇರ್ಸ್ ಕೊಂಕಣಿಯಲ್ಲಿ, ದೊತೊರ್ನ್ ಇನ್ನೊಂದು ಭಾಷೆಯಲ್ಲಿ ಆದರೆ ಮಗು ಎರಡನ್ನೂ ಅರೆಬರೆ ಬಾಯಿಪಾಠ ಮಾಡುತ್ತದೆ. ಅದಕ್ಕೇ ಶಾಲೆಗಿಂತ ಮೊದಲು ಧರ್ಮಕೇಂದ್ರದಲ್ಲಿ ವಿಚಾರಿಸಿ: ಮಕ್ಕಳ ಧರ್ಮೋಪದೇಶ ಯಾವ ಭಾಷೆಯಲ್ಲಿ, ಕೊಂಕಣಿ ಬಲಿಪೂಜೆ ಯಾವ ಹೊತ್ತಿಗೆ ಎಂದು. ಶಾಲೆಯೇ ಕೊಂಕಣಿಯನ್ನು ಉಳಿಸುತ್ತದೆಂದು ನಂಬಿ ಕೂರುವಂತಿಲ್ಲ. ಗೋವಾದಲ್ಲಿ 1990ರಲ್ಲಿ ಅನುದಾನವನ್ನು ದೇಶಭಾಷೆಯ ಪ್ರಾಥಮಿಕ ಶಾಲೆಗಳಿಗಷ್ಟೇ ಎಂದು ನಿಗದಿಪಡಿಸಿದಾಗ ಧರ್ಮಪ್ರಾಂತ್ಯದ ಶಾಲೆಗಳು ಕೊಂಕಣಿಗೆ ಹೊರಳಿದವು. 2011ರಲ್ಲಿ ಸರಕಾರ ಇಂಗ್ಲಿಷಿಗೂ ಅನುದಾನ ನೀಡಲು ಮುಂದಾದಾಗ ಬಹಳಷ್ಟು ಶಾಲೆಗಳು ಹೆತ್ತವರ ಒತ್ತಾಯಕ್ಕೆ ಹಿಂತಿರುಗಿದವು. ನಮ್ಮ ರಾಜ್ಯದಲ್ಲಿ 2007ರಲ್ಲಿ ಕೊಂಕಣಿ ಐಚ್ಛಿಕ ತೃತೀಯ ಭಾಷೆಯಾಗಿ ಶಾಲೆಗೆ ಬಂತು. ನೀವು ಸೇರಿಸುವ ಶಾಲೆಯಲ್ಲಿ ಅದಿದೆಯೇ ಎಂದು ಒಮ್ಮೆ ಕೇಳಿ.

ಪ್ರವೇಶದ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಕಲಂ ಇರುತ್ತದೆ. ಗುಮಾಸ್ತರು ಅವಸರದಲ್ಲಿ ‘ಮರಾಠಿ’ ಎಂದೋ ‘ಕನ್ನಡ’ ಎಂದೋ ಬರೆದುಬಿಡಬಹುದು. ನೀವೇ ನಿಂತು ‘ಕೊಂಕಣಿ’ ಎಂದು ಬರೆಸಿ. ಅದು 1992ರಲ್ಲೇ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ ಭಾಷೆ. ಬರೆಸಲು ಸಂಕೋಚ ಬೇಡ.

ವರ್ಗಾವಣೆ ಪತ್ರ ತರುವಾಗ ಅದರಲ್ಲಿ ಮಾಧ್ಯಮ, ಪ್ರಥಮ ಭಾಷೆ, ದ್ವಿತೀಯ ಭಾಷೆ ಸರಿಯಾಗಿ ನಮೂದಾಗಿವೆಯೇ ನೋಡಿಕೊಳ್ಳಿ. ಹೊಸ ಶಾಲೆಯಲ್ಲಿ ಪ್ರಥಮ ಭಾಷೆ ಬೇರೆಯಾಗಿದ್ದರೆ ಜೂನ್ ತಿಂಗಳಲ್ಲೇ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಬೇಕು, ಎಸ್.ಎಸ್.ಎಲ್.ಸಿ.ಯಲ್ಲಿ ಆ ಒಂದು ಭಾಷೆಗೇ 125 ಅಂಕ. ಟಿ.ಸಿ. ತಡವಾಯಿತೆಂದು ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಹಾಗಿದೆ. ಆದರೆ ಈ ಕಾಯಿದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ 2014ರ ಮೇ 6ರಂದು. ಹಾಗಾಗಿ ನಮ್ಮವರದೇ ಶಾಲೆಗೆ ಸೇರಿಸುವವರು ‘ಫಾದರ್ ಪರಿಚಯದವರು, ಸಿಸ್ಟರ್ ಊರಿನವರು’ ಎಂದು ಕೈಬೀಸಿಕೊಂಡು ಹೋಗದೆ, ಎಲ್ಲ ಕಾಗದಗಳನ್ನೂ ಮೇ ತಿಂಗಳೊಳಗೆ ಸಿದ್ಧ ಮಾಡಿಕೊಂಡು ಹೋಗಿ.