ಊರಿಂದ ದೂರ ಕ್ಯಾರವಾನ್ ಕೆಟ್ಟು ನಿಂತರೆ

ಉಡುಪಿಯ ಕಡಲತೀರದಲ್ಲಿ ಎರಡು ದಿನ ಕಳೆದು ಬೆಂಗಳೂರಿಗೆ ಹಿಂದಿರುಗುತ್ತಿದ್ದೀರಿ ಎಂದುಕೊಳ್ಳಿ. ಬಾಡಿಗೆಗೆ ಪಡೆದ ಕ್ಯಾರವಾನ್. ಹಿಂದೆ ಮಕ್ಕಳು ನಿದ್ದೆಯಲ್ಲಿದ್ದಾರೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಎಂಜಿನ್ ಶಾಖ ತೋರಿಸುವ ಮುಳ್ಳು ಮೇಲೇರುತ್ತದೆ. ಬಾನೆಟ್ ಸಂದಿಯಿಂದ ಹಬೆ ಬರುತ್ತದೆ, ಗಾಡಿ ನಿಲ್ಲುತ್ತದೆ. ಮನೆ ಇನ್ನೂ 200 ಕಿ.ಮೀ.ಗೂ ಹೆಚ್ಚು ದೂರ. ಮೊಬೈಲ್ ನೋಡಿದರೆ ಸಿಗ್ನಲ್ ಇಲ್ಲ. ಈಗ ಮೊದಲು ಏನು ಮಾಡಬೇಕು? ಯಾರನ್ನು ಕರೆಯಬೇಕು? ಎಷ್ಟು ಖರ್ಚಾಗಬಹುದು? ಒಂದೊಂದಾಗಿ ನೋಡೋಣ.

ಕಾರಿಗೂ ಇದಕ್ಕೂ ಏನು ವ್ಯತ್ಯಾಸ?

ಕ್ಯಾರವಾನ್ ಅಥವಾ ಮೋಟರ್‌ಹೋಮ್ ಎಂದರೆ ಮಲಗಲು, ಅಡುಗೆ ಮಾಡಲು, ಶೌಚಕ್ಕೆ ಅನುಕೂಲವಿರುವ ಗಾಡಿ. ನಮ್ಮಲ್ಲಿ ಇವುಗಳಲ್ಲಿ ಹಲವನ್ನು ಟೆಂಪೊ ಟ್ರಾವೆಲರ್‌ನಂಥ ವ್ಯಾನಿನ ಮೇಲೆ ಕಟ್ಟಿರುತ್ತಾರೆ. ಇಲ್ಲಿ ಮೂರು ಸಂಗತಿ ತಿಳಿದಿರಬೇಕು.

ಮೊದಲನೆಯದು, ಇದಕ್ಕೆ ಇಬ್ಬರು ತಯಾರಕರು. ಎಂಜಿನ್, ಗೇರ್, ಚಕ್ರಗಳು ಒಂದು ಕಂಪನಿಯವು. ಮಂಚ, ಫ್ರಿಜ್, ಇನ್ವರ್ಟರ್, ನೀರಿನ ಟ್ಯಾಂಕ್ ಕೂರಿಸಿದವರು ಇನ್ನೊಬ್ಬರು. ಎಂಜಿನ್ ಕಂಪನಿಯ ಸರ್ವಿಸ್ ಸೆಂಟರ್‌ನವರು ಒಳಗಿನ ವೈರಿಂಗ್ ಮುಟ್ಟುವುದಿಲ್ಲ. ಒಳಾಂಗಣ ಮಾಡಿದವರಿಗೆ ಎಂಜಿನ್ ಸಂಬಂಧವಿಲ್ಲ. ಹಾಗಾಗಿ ಇಬ್ಬರ ನಂಬರೂ ನಿಮ್ಮಲ್ಲಿರಬೇಕು.

ಎರಡನೆಯದು, ತೂಕ ಮತ್ತು ಎತ್ತರ. ಸಾಮಾನು, ನೀರು ಸೇರಿದರೆ ಮೂರು ಟನ್ ಮೀರುವುದು ಸಾಮಾನ್ಯ. ಕಾರು ಹೊರುವ ಲಾರಿ ಇದನ್ನು ಹೊರಲಾರದು.

ಮೂರನೆಯದು, ಒಂದು ಸುಳ್ಳು ಧೈರ್ಯ. ‘ಹೇಗೂ ಮನೆಯೇ ಜೊತೆಗಿದೆಯಲ್ಲ, ಮಲಗಿಬಿಡೋಣ, ಬೆಳಿಗ್ಗೆ ನೋಡೋಣ’ ಅನ್ನಿಸುತ್ತದೆ. ಹೆದ್ದಾರಿಯ ಅಂಚಿನಲ್ಲಿ ಹೀಗೆ ಮಾಡಬೇಡಿ. ಅಲ್ಲಿ ಅದು ಮನೆಯಲ್ಲ, ಕೆಟ್ಟು ನಿಂತ ಗಾಡಿ ಅಷ್ಟೇ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಒಳಗೆ ಮಕ್ಕಳು ಮಲಗಿದ್ದಾರೆಂದು ಗೊತ್ತಾಗುವುದಿಲ್ಲ.

ಮೊದಲ ಹತ್ತು ನಿಮಿಷ

ಗಾಡಿ ತೊಂದರೆ ಕೊಡುತ್ತಿದೆ ಅನ್ನಿಸಿದ ಕೂಡಲೇ ಎಡಕ್ಕೆ ಬನ್ನಿ. ಉರುಳುವಷ್ಟು ವೇಗವಿದ್ದರೆ ತಿರುವು ದಾಟಿ, ನೇರ ರಸ್ತೆಯಲ್ಲಿ ನಿಲ್ಲಿಸಿ. ತಿರುವಿನಲ್ಲಿ ನಿಂತ ಗಾಡಿ ಹಿಂದಿನವರಿಗೆ ಕೊನೆಯ ಕ್ಷಣದವರೆಗೂ ಕಾಣಿಸದು.

ಹಜಾರ್ಡ್ ಲೈಟ್, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಸ್ವಿಚ್, ಹಾಕಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಏರಿನಲ್ಲಿದ್ದರೆ ಹಿಂದಿನ ಗಾಲಿಗಳ ಹಿಂದೆ ದೊಡ್ಡ ಕಲ್ಲು ಕೊಡಿ.

ಈಗ ಎಲ್ಲರನ್ನೂ ಇಳಿಸಿ. ರಸ್ತೆಯ ಕಡೆಯ ಬಾಗಿಲಿನಿಂದ ಬೇಡ, ಎಡಬದಿಯಿಂದ. ತಡೆಗೋಡೆ ಇದ್ದರೆ, ಅದರಾಚೆ ನಿಲ್ಲಲು ಜಾಗವಿದ್ದರೆ ಅಲ್ಲಿ ನಿಲ್ಲಿ. ಗಾಡಿಯ ಹಿಂದೆ ನಿಂತು ಟಾರ್ಚ್ ಬೀಸುವುದು, ಬಾನೆಟ್ ಎತ್ತಿ ಇಣುಕುವುದು ಆಮೇಲೆ.

ಬಳಿಕ ಎಚ್ಚರಿಕೆಯ ತ್ರಿಕೋನ. ಕೆಂಪಗೆ ಹೊಳೆಯುವ ಈ ಮಡಚುವ ಫಲಕ ಹೊಸ ಗಾಡಿಯ ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಜಾಕ್ ಇರುವಲ್ಲೇ ಇರುತ್ತದೆ. ಗಾಡಿಯಿಂದ ಹಿಂದಕ್ಕೆ ಕನಿಷ್ಠ 50 ಮೀಟರ್, ಅಂದರೆ ಸುಮಾರು 70 ಹೆಜ್ಜೆ, ನಡೆದು ಇಡಿ. ವೇಗದ ಹೆದ್ದಾರಿಯಲ್ಲಿ ಇನ್ನೂ ದೂರ ಇಡಿ. ಹಿಂದೆ ತಿರುವಿದ್ದರೆ ಅದು ಶುರುವಾಗುವ ಮೊದಲೇ ಇಡಿ.

ಕಾಡಿನ ದಾರಿಯಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಬಂಡೀಪುರದಂಥ ಕಡೆ ಗಾಡಿ ನಿಂತರೆ ಕೆಳಗಿಳಿಯಬೇಡಿ. ಹಜಾರ್ಡ್ ಲೈಟ್ ಹಾಕಿ ಒಳಗೇ ಕುಳಿತು, ಹೋಗುವ ವಾಹನದವರ ಮೂಲಕ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸಿ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಆದ್ದರಿಂದ ಸಂಜೆಯ ಕೊನೆಯ ಗಳಿಗೆಯಲ್ಲಿ ಕಾಡಿನೊಳಗೆ ಹೊರಡುವ ಸಾಹಸವೇ ಬೇಡ.

ಎಲ್ಲಿದ್ದೀರೆಂದು ಹೇಳುವುದು ಹೇಗೆ?

‘ಘಾಟಿಯಲ್ಲಿದ್ದೇವೆ’ ಎಂದರೆ ಯಾರಿಗೂ ತಿಳಿಯದು. ರಸ್ತೆ ಬದಿಯ ಮೈಲಿಗಲ್ಲು ನೋಡಿ. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಹೆದ್ದಾರಿ ಸಂಖ್ಯೆ, ಕಲ್ಲಿನ ಮೇಲಿನ ಕಿ.ಮೀ., ಯಾವ ಕಡೆಗೆ ಹೊರಟಿದ್ದೀರಿ ಎಂಬ ಮೂರು ಮಾತು ಸಾಕು. ಶಿರಾಡಿಯಾದರೆ ‘ರಾಷ್ಟ್ರೀಯ ಹೆದ್ದಾರಿ 75, ಇಂಥ ಕಿ.ಮೀ., ಸಕಲೇಶಪುರದ ಕಡೆಗೆ’ ಎನ್ನಿ.

ಸಿಗ್ನಲ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಅದು ಉಪಗ್ರಹದಿಂದ ಸ್ಥಳ ತಿಳಿಯುತ್ತದೆ, ಇಂಟರ್‌ನೆಟ್ ಬೇಕಿಲ್ಲ. ದಾರಿಯ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ನೀವಿರುವ ಜಾಗ ನೀಲಿ ಚುಕ್ಕೆಯಾಗಿ ಕಾಣುತ್ತದೆ.

ಯಾರಿಗೆ ಫೋನ್ ಮಾಡುವುದು?

ರಾಷ್ಟ್ರೀಯ ಹೆದ್ದಾರಿಯಾದರೆ 1033. ಇದು ಹೆದ್ದಾರಿ ಪ್ರಾಧಿಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಟೋಲ್ ಇರುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಆಂಬುಲೆನ್ಸ್, ಕ್ರೇನ್ ಇಟ್ಟಿರುತ್ತಾರೆ. ಆದರೆ ಒಂದು ಮಾತು. ಈ ಕ್ರೇನಿನ ಕೆಲಸ ರಸ್ತೆ ತೆರವು ಮಾಡುವುದು. ಗಾಡಿಯನ್ನು ಹತ್ತಿರದ ಸುರಕ್ಷಿತ ಜಾಗಕ್ಕೆ ಸರಿಸುತ್ತಾರೆ, ನಿಮ್ಮಿಷ್ಟದ ಗ್ಯಾರೇಜಿಗೆ ಒಯ್ಯುವುದಿಲ್ಲ.

ರಾಜ್ಯ ಹೆದ್ದಾರಿ, ಹಳ್ಳಿ ರಸ್ತೆಗಳಿಗೆ 1033 ಅನ್ವಯಿಸದು. ಅಪಾಯದ ಸ್ಥಿತಿಯಿದ್ದರೆ ಎಲ್ಲೇ ಇದ್ದರೂ 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ರ ಕರೆ ಹೋಗುತ್ತದೆ. ಯಾರಿಗಾದರೂ ಪೆಟ್ಟಾಗಿದ್ದರೆ 108.

ಇದಾದ ಮೇಲೆ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ರಸ್ತೆಬದಿ ನೆರವಿನ ಕಂಪನಿಗೆ ಕರೆ ಮಾಡಿ. ಬಾಡಿಗೆ ಗಾಡಿಯಾದರೆ ಮೊದಲು ಮಾಲೀಕರಿಗೆ. ಅವರನ್ನು ಕೇಳದೆ ರಿಪೇರಿ ಮಾಡಿಸಿದರೆ ಹಣ ವಾಪಸ್ ಬರದೇ ಹೋಗಬಹುದು.

ನೀವೇ ಮಾಡಬಹುದಾದದ್ದು

ಎಂಜಿನ್ ಕಾದಿದ್ದರೆ: ಮುಳ್ಳು ಏರಲು ಶುರುವಾದಾಗಲೇ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಅದು ಎಂಜಿನ್ನಿನ ಶಾಖವನ್ನು ಒಳಗೆಳೆದುಕೊಳ್ಳುತ್ತದೆ. ನಿಮಗೆ ಬೆವರಿಳಿದರೂ ಎಂಜಿನ್ ಉಳಿಯುತ್ತದೆ. ಹಬೆ ಬಂದರೆ ಎಂಜಿನ್ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಆರಲು ಬಿಡಿ. ಆಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಿ. ಕೂಲೆಂಟ್ ಇಲ್ಲದಿದ್ದರೆ ಕುಡಿಯುವ ನೀರು ಹಾಕಿದರೂ ಸದ್ಯಕ್ಕೆ ನಡೆಯುತ್ತದೆ. ಹಾಕಿದ ನೀರು ಕೆಳಗೆ ಸೋರುತ್ತಿದ್ದರೆ ಮುಂದೆ ಓಡಿಸಬೇಡಿ.

ಬ್ರೇಕ್ ಕಾದಿದ್ದರೆ: ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂದು, ಪೆಡಲ್ ಮೆತ್ತಗಾದರೆ ಬ್ರೇಕ್ ಕಾದಿದೆ ಎಂದರ್ಥ. ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ನೀರು ಸುರಿಯಬೇಡಿ. ಉಳಿದ ಇಳಿಜಾರನ್ನು ಕೆಳ ಗೇರಿನಲ್ಲೇ ಇಳಿಯಿರಿ.

ಬ್ಯಾಟರಿ ಇಳಿದಿದ್ದರೆ: ಕ್ಯಾರವಾನ್‌ನಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಗಾಡಿ ಸ್ಟಾರ್ಟ್ ಮಾಡಲು, ಇನ್ನೊಂದು ಮನೆಬಳಕೆಗೆ. ಎರಡನ್ನೂ ತಾತ್ಕಾಲಿಕವಾಗಿ ಜೋಡಿಸುವ ಸ್ವಿಚ್ ಕೆಲವದರಲ್ಲಿ ಇರುತ್ತದೆ. ಅದಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮನೆಬಳಕೆಯದು ಲಿಥಿಯಂ ಆಗಿದ್ದರೆ ನೀವಾಗಿ ವೈರ್ ಎಳೆದು ಜೋಡಿಸಬೇಡಿ. ಇನ್ನೊಂದು ಗಾಡಿಯಿಂದ ಜಂಪ್ ಕೇಬಲ್ ಕೊಡುವುದಾದರೆ ಎರಡರದೂ 12 ವೋಲ್ಟ್ ಬ್ಯಾಟರಿಯೇ ಎಂದು ನೋಡಿ. ಕೆಂಪು ಕೇಬಲ್ ಎರಡರ ಪ್ಲಸ್‌ಗೆ. ಕಪ್ಪಿನ ಒಂದು ತುದಿ ಚೆನ್ನಾಗಿರುವ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಕೆಟ್ಟ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ.

ಡೀಸೆಲ್ ಮುಗಿದಿದ್ದರೆ: ಕ್ಯಾನಿನಲ್ಲಿ ತಂದು ಸುರಿದ ಕೂಡಲೇ ಗಾಡಿ ಹೊರಡದಿರಬಹುದು. ಪೈಪಿನೊಳಗೆ ಗಾಳಿ ಸೇರಿರುತ್ತದೆ. ಇದನ್ನೇ ಏರ್ ಲಾಕ್ ಎನ್ನುತ್ತಾರೆ. ಅದನ್ನು ಬಿಡಿಸಲು ಮೆಕ್ಯಾನಿಕ್ ಬೇಕಾದೀತು. ಕೆಲವು ಬಿಎಸ್6 ಡೀಸೆಲ್ ಗಾಡಿಗಳಿಗೆ ಡಿಇಎಫ್ ಎಂಬ ಯೂರಿಯಾ ದ್ರಾವಣವೂ ಬೇಕು. ಅದು ಮುಗಿದರೂ ಗಾಡಿ ಮತ್ತೆ ಸ್ಟಾರ್ಟ್ ಆಗದಿರಬಹುದು. ಹೆದ್ದಾರಿ ಬದಿಯ ಹಲವು ಬಂಕ್‌ಗಳಲ್ಲಿ ಸಿಗುತ್ತದೆ.

ನೀರಿಗೆ ಇಳಿದು ನಿಂತಿದ್ದರೆ: ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಒಳಗೆ ನೀರು ಹೋಗಿದ್ದರೆ ಒಂದೇ ಪ್ರಯತ್ನಕ್ಕೆ ಒಳಭಾಗ ಬಗ್ಗಿಹೋಗಬಹುದು.

ಎಳೆದೊಯ್ಯುವಾಗ

ಫೋನ್ ಮಾಡುವಾಗಲೇ ‘ಇದು ಕಾರಲ್ಲ, ಕ್ಯಾರವಾನ್’ ಎನ್ನಿ. ಆರ್‌ಸಿ, ಅಂದರೆ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಜೊತೆಗೆ ಗಾಡಿಯ ಉದ್ದ, ಎತ್ತರವನ್ನೂ ಹೇಳಿ. ಇಲ್ಲದಿದ್ದರೆ ಎರಡು ಗಂಟೆ ಕಾದ ಮೇಲೆ ಸಣ್ಣ ಲಾರಿ ಬಂದು ವಾಪಸ್ ಹೋಗುತ್ತದೆ.

ಆಟೊಮ್ಯಾಟಿಕ್ ಗೇರಿನ ಗಾಡಿಯನ್ನು ಫ್ಲ್ಯಾಟ್‌ಬೆಡ್, ಅಂದರೆ ಪೂರ್ತಿ ಮೇಲೇರಿಸಿಕೊಳ್ಳುವ ಲಾರಿಯಲ್ಲೇ ಒಯ್ಯುವುದು ಲೇಸು. ಹಗ್ಗ ಕಟ್ಟಿ ಎಳೆಯುವುದು ಅನಿವಾರ್ಯವಾದರೆ ಎರಡು ವಾಹನಗಳ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಬೇಡ. ಎಂಜಿನ್ ನಿಂತಾಗ ಬ್ರೇಕ್, ಸ್ಟೀರಿಂಗ್ ಎರಡೂ ಗಟ್ಟಿಯಾಗುತ್ತವೆ. ಆದ್ದರಿಂದ ಘಾಟಿಯಲ್ಲಿ ಹಗ್ಗದ ಸಹವಾಸ ಬೇಡ.

ಹೊರಡುವ ಮೊದಲು ಗ್ಯಾಸ್ ಸಿಲಿಂಡರ್ ಮುಚ್ಚಿ. ಇನ್ವರ್ಟರ್ ಆರಿಸಿ. ನೀರಿನ ಟ್ಯಾಂಕ್ ಖಾಲಿ ಮಾಡಿದರೆ ತೂಕ ಇಳಿಯುತ್ತದೆ. ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಲಾರಿ ಹೊತ್ತೊಯ್ಯುತ್ತಿರುವ ಕ್ಯಾರವಾನ್‌ನೊಳಗೆ ಯಾರೂ ಕೂರಬಾರದು. ಹಗ್ಗ ಕಟ್ಟಿ ಎಳೆಯುವಾಗ ಸ್ಟೀರಿಂಗ್ ಹಿಡಿಯುವ ಚಾಲಕರೊಬ್ಬರೇ ಒಳಗಿರಲಿ.

ಖರ್ಚು ಮತ್ತು ವಿಮೆ

‘ವಿಮೆ ಇದೆಯಲ್ಲ, ಅವರೇ ಕೊಡುತ್ತಾರೆ’ ಎಂದು ಅನೇಕರು ನಂಬಿರುತ್ತಾರೆ. ಅಪಘಾತವಾದರೆ ಸರಿ. ತಾನಾಗಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಯಾಂತ್ರಿಕ ಮತ್ತು ವಿದ್ಯುತ್ ದೋಷ ಅದರ ವ್ಯಾಪ್ತಿಗೆ ಹೊರಗು. ಖಾಸಗಿ ಕಾರಿನ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಅಪಘಾತದ ನಂತರ ಎಳೆದೊಯ್ಯಲು ಸಿಗುವ ಮೊತ್ತವೂ ಗರಿಷ್ಠ 1,500 ರೂಪಾಯಿ.

ಆದ್ದರಿಂದ ರಸ್ತೆಬದಿ ನೆರವನ್ನು ಆ್ಯಡ್-ಆನ್ ಆಗಿ, ಅಂದರೆ ಹೆಚ್ಚುವರಿ ರಕ್ಷಣೆಯಾಗಿ ತೆಗೆದುಕೊಳ್ಳಿ. ಕಾರುಗಳಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಕ್ಯಾರವಾನ್‌ಗೆ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಈ ತೂಕದ ಗಾಡಿಗೆ ಅನ್ವಯಿಸುತ್ತದೆಯೇ? ಬಾಡಿಗೆ ನೋಂದಣಿಯ ಗಾಡಿಗೂ ಉಂಟೇ? ಎಷ್ಟು ಕಿ.ಮೀ.ವರೆಗೆ ಎಳೆಯುವುದು ಉಚಿತ? ವರ್ಷಕ್ಕೆ ಎಷ್ಟು ಸಲ? ವ್ಯಾನನ್ನು ನೀವೇ ಕ್ಯಾರವಾನ್ ಮಾಡಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಲೇಬೇಕು. ಇಲ್ಲದಿದ್ದರೆ ವಿಮೆ ಹಣಕ್ಕೆ ತಕರಾರು ಬರುತ್ತದೆ.

ಖಾಸಗಿ ಲಾರಿ ಕರೆಸಿದರೆ ದರ ಮೊದಲೇ ಮಾತಾಡಿ, ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಆರಂಭದ ದರ ಎಷ್ಟು, ಕಿ.ಮೀ.ಗೆ ಎಷ್ಟು, ಖಾಲಿ ವಾಪಸ್ ಹೋಗುವ ದೂರವೂ ಸೇರಿದೆಯೇ, ಟೋಲ್ ಯಾರದು ಎಂದು ಕೇಳಿ.

ಗಾಡಿಯನ್ನು ಅಲ್ಲೇ ಬಿಟ್ಟು ಊರಿಗೆ ಹೋಗಬಹುದೇ? ಬೇಡ. ಕೆಟ್ಟ ಗಾಡಿಯನ್ನು ತಕ್ಕ ಎಚ್ಚರಿಕೆಯಿಲ್ಲದೆ ಬಿಟ್ಟುಹೋಗಬಾರದು ಎಂಬುದು ವಿಮೆಯ ಷರತ್ತು. ಕೆಟ್ಟದ್ದನ್ನು ರಿಪೇರಿ ಮಾಡಿಸದೆ ಓಡಿಸಿ ಇನ್ನಷ್ಟು ಹಾಳಾದರೆ ಆ ನಷ್ಟವೂ ನಿಮ್ಮದೇ. ಜೊತೆಗೆ, ಸಾರ್ವಜನಿಕ ಜಾಗದಲ್ಲಿ 10 ಗಂಟೆಗೂ ಹೆಚ್ಚು ಹೊತ್ತು ಯಾರೂ ಇಲ್ಲದೆ ನಿಂತ ಗಾಡಿಯನ್ನು ಪೊಲೀಸರು ಎಳೆಸಬಹುದು, ಖರ್ಚು ಮಾಲೀಕರ ಮೇಲೆ.

ಮೆಕ್ಯಾನಿಕ್ ಎಲ್ಲಿ ಸಿಗುತ್ತಾರೆ?

ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾರವಾನ್ ಆದರೆ ಚಿಂತೆ ಕಡಿಮೆ. ಅದೇ ಗಾಡಿ ಶಾಲಾ ವಾಹನ, ಆಂಬುಲೆನ್ಸ್, ಪ್ರವಾಸಿ ವಾಹನವಾಗಿ ಎಲ್ಲೆಡೆ ಓಡುತ್ತದೆ. ಹತ್ತಿರದ ತಾಲ್ಲೂಕು ಕೇಂದ್ರದ ಟೆಂಪೊ ಸ್ಟ್ಯಾಂಡಿನಲ್ಲಿ ವಿಚಾರಿಸಿ, ಅವರ ಮೆಕ್ಯಾನಿಕ್ ಯಾರೆಂದು ಚಾಲಕರೇ ಹೇಳುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಪಂಕ್ಚರ್ ಅಂಗಡಿಗಳಿರುವುದು ಸರ್ವಿಸ್ ರಸ್ತೆಯಲ್ಲಿ. ಮುಖ್ಯ ರಸ್ತೆಯಲ್ಲಿ ನಡೆದು ಹುಡುಕಬೇಡಿ. ರಿಪೇರಿಗೆ ಮೊದಲು ಅಂದಾಜು ಕೇಳಿ. ಬದಲಿಸಿದ ಹಳೆಯ ಭಾಗವನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ.

ಹೊರಡುವ ಮುನ್ನ

ಆರ್‌ಸಿ, ವಿಮೆ ಪತ್ರ, ಬಾಡಿಗೆ ಕರಾರು, ಎರಡೂ ತಯಾರಕರ ನಂಬರುಗಳನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಒಂದು ಚೀಟಿಯಲ್ಲೂ ಬರೆದಿಡಿ. ಬಾಡಿಗೆ ಕರಾರಿನಲ್ಲಿ ‘ಗಾಡಿ ಕೆಟ್ಟರೆ ಯಾರ ಖರ್ಚು’ ಎಂಬ ಸಾಲು ಇದೆಯೇ ನೋಡಿ. ತ್ರಿಕೋನ, ಟಾರ್ಚ್, ಜಂಪ್ ಕೇಬಲ್, ಕೂಲೆಂಟ್, ಈ ತೂಕ ಎತ್ತಬಲ್ಲ ಜಾಕ್, ಗಾಳಿ ತುಂಬಿದ ಸ್ಟೆಪ್ನಿ ಇರಲಿ. ಹತ್ತು ನಿಮಿಷದ ಕೆಲಸ ಇದು.

ಕೊನೆಯದಾಗಿ ಒಂದು ವಿನಂತಿ. ತ್ರಿಕೋನ ಇಲ್ಲದವರು ಗಾಡಿಯ ಹಿಂದೆ ಕಲ್ಲು, ಮರದ ಕೊಂಬೆ ಇಡುವುದು ನಮ್ಮ ರಸ್ತೆಗಳಲ್ಲಿ ರೂಢಿ. ರಿಪೇರಿಯಾದ ಖುಷಿಯಲ್ಲಿ ಹಾಗೇ ಹೊರಟುಬಿಡುತ್ತಾರೆ. ನಿಮ್ಮನ್ನು ಕಾದ ಅದೇ ಕಲ್ಲು ಕತ್ತಲಲ್ಲಿ ಬೈಕಿನಲ್ಲಿ ಬರುವವರನ್ನು ಕೆಡವುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಮೊದಲು ಆ ಕಲ್ಲುಗಳನ್ನು ರಸ್ತೆಯಿಂದಾಚೆ ಎಸೆದು ಹೊರಡಿ.