ಗುಡ್ಡ ಹತ್ತೂಣ ಬರ್ರಿ, ಗುಂಪು ಕಟ್ಟಿಕೊಂಡು

ಟ್ರೆಕ್ಕಿಂಗ್ ಅಂದ್ರ ಕುದುರೆಮುಖಕ್ಕ ಹೋಗಬೇಕಂತ ಯಾರ್ ಹೇಳ್ಯಾರ್ರಿ? ನಮ್ಮ ಸವದತ್ತಿ ಕಡೆ ಮಂದಿ ಆ ಶಬ್ದ ಕೇಳೂಕಿಂತ ಮೊದಲ ಗುಂಪು ಕಟ್ಟಿಕೊಂಡು ನಡದಾರ.

ಬನದ ಹುಣ್ಣಿಮಿ, ಭಾರತ ಹುಣ್ಣಿಮಿ ಬಂತಂದ್ರ ಊರೂರಿಂದ ಎಲ್ಲಮ್ಮನ ಗುಡ್ಡಕ್ಕ ಪಾದಯಾತ್ರೆ. ತಲಿ ಮ್ಯಾಲೆ ಬುತ್ತಿ ಗಂಟು, ಹಣಿಗೆ ಭಂಡಾರ, ಬಾಯಾಗ ‘ಉಧೋ ಉಧೋ’. ಕಾಲು ಸೋತವರಿಗೆ ಹಿಂದ ಚಕ್ಕಡಿ. ಇದಕ್ಕಿಂತ ಛಲೋ ಹೈಕಿಂಗ್ ಕ್ಲಬ್ ಎಲ್ಲೈತ್ರಿ?

ಜಾತ್ರಿ ಇರಲಾರದಾಗೂ ಹೋಗಬಹುದು. ನಾಕೈದು ಗೆಳ್ಯಾರು ಕೂಡಿ ನಸುಕಿನ್ಯಾಗ ಹೊರಡ್ರಿ. ನವಿಲುತೀರ್ಥದಾಗ ಮಲಪ್ರಭಾ ಗುಡ್ಡಾನ ಸೀಳ್ಯಾಳ. ಈ ಸೀಮಿ ಮರಳುಗಲ್ಲು ನೂರು ಕೋಟಿ ವರ್ಷಕ್ಕೂ ಹಳೇದು. ಕೆಲವು ಬಂಡಿಗಲ್ಲು ಬಗ್ಗಿ ನೋಡ್ರಿ: ಹಳ್ಳದ ಉಸುಕಿನ ಮ್ಯಾಲೆ ನೀರು ಬಿಟ್ಟು ಹೋದ ಗೆರಿ ಇದ್ದಂಗ ಸಣ್ಣ ಸಣ್ಣ ಏರಿಳಿತ. ಅಂಗೈ ಇಟ್ರ ಗೊತ್ತಾಗತೈತಿ. ಒಬ್ರ ಹೋದ್ರ ತುಳದು ಮುಂದ ಹೋಗ್ತೀರಿ. ಗುಂಪಿನ್ಯಾಗ ಯಾರರೆ ಒಬ್ಬಾಂವ ನಿಂತು, ‘ಏ, ಇಲ್ಲಿ ಬಾರೋ’ ಅಂತಾನ.

ರಾಮದುರ್ಗದವರಿಗೆ ಸುರೇಬಾನದ ಶಬರಿ ಕೊಳ್ಳ. ಬೈಲಹೊಂಗಲದವರಿಗೆ ಸೊಗಲ, ಮಳಿಗಾಲ ಮುಗದ ಕೂಡಲೆ ಹೋದ್ರ ನೀರು ಧುಮುಕೂದು ಸಿಗತೈತಿ. ಕಿತ್ತೂರಾಗ ದೊಡ್ಡ ಏರು ಬ್ಯಾಡ. 1824ರ ಅಕ್ಟೋಬರ್ 23ಕ್ಕ ಚೆನ್ನಮ್ಮನ ಪಡೆ ಗೆದ್ದ ಕ್ವಾಟಿ ಸುತ್ತಿದ್ರ ಹೊಸಬರಿಗೆ ಅಷ್ಟ ಸಾಕು.

ಒಂದ್ ಮಾತು. ನಿಧಾನಕ್ಕ ನಡಿಯಾವ್ರನ್ನ ಹಿಂದ ಬಿಡಬ್ಯಾಡ್ರಿ, ಮುಂದ ನಡಸ್ರಿ. ಮಳ್ಯಾಗ ಎರಿ ಹೊಲದ ದಾರಿ ಬ್ಯಾಡ, ಬೂಟಿಗೆ ಮೆತ್ತಿ ಕಾಲು ಎತ್ತಾಕ ಬಿಡಂಗಿಲ್ಲ. ಮತ್ತ ಕಟಕ್ ರೊಟ್ಟಿ ಯಾರ್ ತರ್ತೀರಿ, ಶೇಂಗಾ ಚಟ್ನಿ ಯಾರ್ ತರ್ತೀರಿ ಅನ್ನೂ ಜಗಳ ಹಿಂದಿನ ರಾತ್ರೀನ ವಾಟ್ಸಾಪ್‌ನ್ಯಾಗ ಮುಗಸ್ಕೋರಿ.