ಹಲವು ಕಸುಬು, ಒಂದೇ ಬಯೋಡೇಟಾ

ಮಲೆನಾಡು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಒಂದೇ ದುಡಿಮೆಯನ್ನು ವರ್ಷವಿಡೀ ನೆಚ್ಚುವುದು ಅನೇಕ ಕುಟುಂಬಗಳಿಗೆ ಸಾಧ್ಯವಿಲ್ಲದಿರುವುದರಿಂದ, ತೆಂಗು, ಅಡಿಕೆ, ಈರುಳ್ಳಿಯ ಸುಗ್ಗಿಗಳ ನಡುವೆ ಅಂಗಡಿ, ಲಾರಿ, ಬೆಂಗಳೂರಿನ ಕಾರ್ಖಾನೆ ಎಂದು ಕೈಗೆ ಸಿಕ್ಕ ಕೆಲಸ ಹಿಡಿಯುವುದು ಯುವಜನರಿಗೆ ಸಹಜವಾಗಿದೆ. ನೌಕರಿಗೆ ಅರ್ಜಿ ಹಾಕುವಾಗ ಮಾತ್ರ ಇದೇ ಸಂಗತಿ ‘ಎಲ್ಲಿಯೂ ನಿಲ್ಲದವರು’ ಎಂಬ ಕಳಂಕವಾಗಿ ತೋರಿ, ದುಡಿದ ವರ್ಷಗಳಲ್ಲಿ ಅರ್ಧದಷ್ಟು ಬಯೋಡೇಟಾದಿಂದಲೇ ಮಾಯವಾಗುತ್ತವೆ. ಇದು ನಿಜಕ್ಕೂ ನೋವಿನ ನಷ್ಟ.

ಫಸಲು ಮರದಲ್ಲಿರುವಾಗಲೇ ತೋಟವನ್ನು ಗುತ್ತಿಗೆ ಹಿಡಿಯುವ ಪದ್ಧತಿಗೆ ಚೇಣಿ ಎನ್ನುತ್ತಾರೆ. ಚೇಣಿದಾರರ ಬಳಿ ಲೆಕ್ಕ ಬರೆಯುವವರು ಸುಲಿದ ಅಡಿಕೆಯನ್ನು ತೂಗಿ ಒಬ್ಬೊಬ್ಬರ ಹೆಸರಿನ ಮುಂದೆ ದಾಖಲಿಸುತ್ತಾರೆ, ಮುಂಗಡ ಮುರಿದುಕೊಂಡು ವಾರದ ಬಟವಾಡೆ ಮಾಡುತ್ತಾರೆ, ಬೇಯಿಸಿ ಒಣಗಿಸಿದ ಮೇಲೆ ತೂಕ ಎಷ್ಟು ಇಳಿಯಿತೆಂದು ನೋಡುತ್ತಾರೆ, ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಟ್ಟ ಚೀಲಗಳನ್ನು ಎಣಿಸುತ್ತಾರೆ. ಇಷ್ಟನ್ನೂ ‘ಅಡಿಕೆ ಕೆಲಸ’ ಎಂದು ಎರಡೇ ಪದಗಳಲ್ಲಿ ಮುಗಿಸಿದರೆ ಗೋದಾಮಿನ ಮ್ಯಾನೇಜರಿಗೆ ಏನೂ ತಿಳಿಯದು. ಕೂಲಿ ಲೆಕ್ಕ, ದಾಸ್ತಾನು, ದರ್ಜೆವಾರು ವಿಂಗಡಣೆ ಎಂದು ಬಿಡಿಸಿ, ಎಷ್ಟು ಆಳುಗಳು, ಎಷ್ಟು ಹಂಗಾಮು ಎಂಬ ಅಂಕಿಗಳೊಡನೆ ಬರೆದರೆ ಅವರು ಹುಡುಕುತ್ತಿರುವ ಗುಮಾಸ್ತರೇ ಅಲ್ಲಿ ಕಾಣಿಸುತ್ತಾರೆ.

ಕೆಲಸ ಬದಲಾದರೂ ಜೊತೆಗೇ ಬರುವ ಇಂಥ ಪರಿಣತಿಯನ್ನು ವರ್ಗಾವಣೀಯ ಕೌಶಲ ಎನ್ನಲಾಗುತ್ತದೆ. ಹಲವು ಕಡೆ ದುಡಿದವರು ಮೊದಲು ಕೌಶಲಗಳನ್ನು ಹೇಳಿ, ಪ್ರತಿಯೊಂದರ ಕೆಳಗೆ ಅದು ಬಳಕೆಯಾದ ಜಾಗಗಳನ್ನು ತೋರಿಸಿ, ಕೊನೆಯಲ್ಲಿ ಇಸವಿವಾರು ಪಟ್ಟಿ ಕೊಡುವುದು ಒಳ್ಳೆಯದು; ಪಟ್ಟಿಯನ್ನೇ ಬಿಟ್ಟರೆ ಅನುಮಾನ ಹುಟ್ಟುತ್ತದೆ. ಮುಚ್ಚಿಡುವುದು ಸುಲಭವೂ ಅಲ್ಲ, ಏಕೆಂದರೆ 2014ರಲ್ಲಿ ಜಾರಿಗೆ ಬಂದ, ಭವಿಷ್ಯ ನಿಧಿಯ 12 ಅಂಕಿಗಳ ಯುಎಎನ್ ಸಂಖ್ಯೆಯಡಿ ಬೇರೆ ಬೇರೆ ಕಂಪನಿಗಳ ಸೇವಾವಧಿ ಒಂದೆಡೆ ಸೇರುತ್ತದೆ. ಮುಚ್ಚಿಡದವರಿಗೆ ಅದೇ ದಾಖಲೆ ಸಾಕ್ಷಿಯಾಗಿ ನಿಲ್ಲುತ್ತದೆ.

ಸಂಬಳದ ಚೀಟಿಯೂ ಇಲ್ಲದ ದುಡಿಮೆಗೆ ಪುರಾವೆ ಒದಗಿಸುವುದೇ ಕಷ್ಟ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಗೆ ಮಾನ್ಯತೆ ಎಂಬ ವ್ಯವಸ್ಥೆಯಿದ್ದು, ಶಾಲೆಯ ಹೊರಗೆ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲಾಗುತ್ತದೆ. ಎಲ್ಲ ಕಸುಬುಗಳೂ ಅದರಲ್ಲಿ ಸಿಗುವುದಿಲ್ಲವಾದ್ದರಿಂದ, ಹಂಗಾಮು ಮುಗಿದು ಲೆಕ್ಕ ಚುಕ್ತಾ ಆಗುವ ದಿನವೇ ಮಾಲೀಕರಿಂದ ಕೆಲಸದ ಸ್ವರೂಪ, ಅವಧಿ, ಫೋನ್ ನಂಬರ್ ಮತ್ತು ಸಹಿ ಇರುವ ಒಂದು ಚೀಟಿಯನ್ನು ಕೇಳಿ ಪಡೆದು ಅಂಕಪಟ್ಟಿಗಳ ಜೊತೆ ಇಟ್ಟುಕೊಳ್ಳಬೇಕು.